ಕೈಗವಸಿನ ಸಾಲು

ಗುರುವಾರ ಭೋಸರಿಗೆ ರಜೆ.
ಆ ಒಂದು ದಿನ ಕುಲುಮೆ ತಣ್ಣಗೆ ಮಲಗುತ್ತದೆ.
ಜನರೇಟರು ಗುಡುಗಿ ಗುಡುಗಿ ಸಾಲ ತಂದ ಬೆಳಕಿನಲ್ಲಿ
ನಾನು ಟಿಲ್ಲು ಬರೆದದ್ದನ್ನು ಅಳಿಸುತ್ತೇನೆ.

ಮೂವತ್ತೊಂದು ಸಾವಿರ ಸಾಲು.
ಅಚ್ಯುತ ಟಿಲ್ಲು ಒಬ್ಬನೇ ಕೂತು
ಕಿಟಕಿ ಕಡೆದ, ಗುಂಡಿ ಕಡೆದ,
ಗುಂಡಿಯ ಕೆಳಗಂಚಿಗೆ ಒಂದೆಳೆ ಬೂದು ನೆರಳು ಎಳೆದ.
ಒತ್ತಿದರೆ ಆ ನೆರಳು ಮೇಲಂಚಿಗೆ ಹಾರಬೇಕು,
ಅದಕ್ಕೇ ಎರಡು ವಾರ ತಗೊಂಡನಂತೆ.
ಆಗ ಸಿದ್ಧವಾದದ್ದು ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು,
ಡಾಲರು ಕೇಳುತ್ತಿತ್ತು.
ಮಾಲೀಕರು ಟಿಲ್ಲುವಿಗೆ ಅರ್ಧ ಕಪ್ ಚಹಾ ಕೊಟ್ಟು
ನೀನೇ ಮಾಡು ಅಂದರು.

ಈಗ ಆ ಕಿಟಕಿಗಳು ಒಂದೇ ಜಾತಿಯ ಕಂಪ್ಯೂಟರಿನಲ್ಲಿ ತೆರೆಯುತ್ತವೆ.
ಅದರ ಬೋರ್ಡು ಸುಟ್ಟರೆ ತಪಕೀರ್ ಗಲ್ಲಿಯ
ಗುಜರಿಯವನ ಕಾಲು ಹಿಡಿಯಬೇಕು.
ಹೋದ ಸಲ ತೂಕ ಹಾಕಿ ಕೊಟ್ಟ,
ಉಳ್ಳಾಗಡ್ಡಿ ಕೊಟ್ಟ ಹಾಗೆ.

ಹೊಸ ಚೌಕಟ್ಟು ಹಾಗಲ್ಲ.
ಲೋಕದ ಸಾವಿರ ಕೈ ಉಜ್ಜಿ ನುಣುಪು ಮಾಡಿದ್ದು.
ಯಾವ ಯಂತ್ರದ ಮೇಲಿಟ್ಟರೂ ನಿಲ್ಲುತ್ತದೆ,
ಧರ್ಮಶಾಲೆಯ ಮಂಚದಂತೆ
ಯಾರು ಮಲಗಿದರೂ ಬೇಡ ಅನ್ನುವುದಿಲ್ಲ.
ಟಿಲ್ಲುವಿನ ನೂರು ಸಾಲಿಗೆ ಅದರದು ಮೂರು.
ಖುಷಿಯಿಂದಲೇ ಅಳಿಸಿದೆ, ಸುಳ್ಳೇಕೆ ಹೇಳಲಿ,
ಹನ್ನೊಂದು ವರ್ಷ ಅವನ ತಪ್ಪಿಗೆ ತೇಪೆ ಹಾಕಿದವಳು.

ಆರು ಗುರುವಾರ ಹೀಗೇ ಹೋದವು.
ಏಳನೆಯದಕ್ಕೆ ಪರೀಕ್ಷೆ.
ಮೂಸೆಗೆ ಕಬ್ಬಿಣದ ಬದಲು ಮರಳು ತುಂಬಿ
ರೋಹಿದಾಸನನ್ನು ಕರೆದು
ಬಾಗಿಸುವ ಗುಂಡಿ ಒತ್ತಪ್ಪಾ ಅಂದೆವು.
ಒತ್ತಿದ.
ಐದು ಡಿಗ್ರಿ ಬಾಗಬೇಕಿದ್ದ ಮೂಸೆ
ಹದಿನೈದು ಬಾಗಿತು.
ಮರಳು ನೆಲಕ್ಕೆ ಸುರಿಯಿತು,
ಅಕ್ಕಿ ಅಳೆದಂಥ ಸದ್ದು.
ಯಾರೂ ಮಾತಾಡಲಿಲ್ಲ.
ಎಲ್ಲರೂ ಆ ಮರಳನ್ನು
ಸಾವಿರದೈನೂರು ಡಿಗ್ರಿಯಲ್ಲಿ ನೋಡುತ್ತಿದ್ದೆವು.

ಒಂದೇ ಸಲ ಒತ್ತಿದ್ದು ಮೇಡಂ, ಅಂದ ರೋಹಿದಾಸ,
ಕೈ ಎತ್ತಿ ತೋರಿಸಿದ.
ಮೊಣಕೈವರೆಗಿನ ಕೈಗವಸು,
ಒಂದೊಂದು ಬೆರಳೂ ಬದನೆಕಾಯಿ ಗಾತ್ರ.
ಅಂಥ ಬೆರಳು ಒಮ್ಮೆ ಊರುವಾಗ
ಮೂರು ಸಲ ನಡುಗುತ್ತದೆ.

ನಮ್ಮ ಕಸುಬಿನಲ್ಲಿ ಅಳಿಸಿದ್ದು ಎಲ್ಲಿಗೂ ಹೋಗಿರುವುದಿಲ್ಲ.
ಹಿಂದಿರುಗಿ ಹುಡುಕಿದೆ.
ಇಪ್ಪತ್ತೆರಡು ಸಾವಿರದಾಚೆ ಎಲ್ಲೋ
ಎರಡು ಸಲ ಕಸವೆಂದು ನಾನೇ ದಾಟಿ ಹೋದ ಸಾಲು:
ಒತ್ತಿದ ಮೇಲೆ ನಾಲ್ಕುನೂರು ಮಿಲಿಸೆಕೆಂಡು ಕಿವುಡಾಗು.
ಪಕ್ಕದಲ್ಲಿ ಮರಾಠಿ ಟಿಪ್ಪಣಿ.
ಜತ್ತದವಳು ನಾನು, ಮನೆಯಲ್ಲಿ ಕನ್ನಡ ಸಂತೆಯಲ್ಲಿ ಮರಾಠಿ,
ಅರ್ಥವಾಗದ್ದೇನಲ್ಲ:
ಶ್ರೀಪತಿಚೆ ಹಾತಮೋಜೆ. ಥಾಂಬ.
ಶ್ರೀಪತಿಯ ಕೈಗವಸು. ತಾಳು.

ಟಿಲ್ಲು ಅವರಿಗೆ ಫೋನು ಮಾಡಿದೆ.
ಮಧ್ಯಾಹ್ನ ಎರಡು ಗಂಟೆ, ಎತ್ತಲಿಲ್ಲ.
ಸದಾಶಿವ ಪೇಟೆಯಲ್ಲಿ ಒಂದರಿಂದ ನಾಲ್ಕು
ದೇವರು ಬಂದರೂ ಬಾಗಿಲು ತೆಗೆಯುವುದಿಲ್ಲ.
ನಾಲ್ಕೂ ಹತ್ತಕ್ಕೆ ಅವರೇ ಮಾಡಿದರು.
ನಿಮ್ಮ ಲೈಬ್ರರಿ ತೆಗೆದೆವು ಸರ್, ಅಂದೆ,
ನಾಲಿಗೆ ಒಣಗಿತ್ತು.
ತಡವಾಯಿತಲ್ಲ, ಅಂದರು.
ಆ ಸ್ಕ್ರೋಲು ಪಟ್ಟಿ ನನಗೆ ಕೊನೆಗೂ ಸರಿ ಬರಲಿಲ್ಲ ನೋಡು.
ಆಮೇಲೆ ಕೇಳಿದರು:
ಶ್ರೀಪತಿಯ ಕೈ ಹೇಗಿದೆ?
ಯಾವ ಕೈ ಸರ್?
ಓ, ಅದು ನೀನು ಬರುವ ಮೊದಲು, ಅಂದರು.
ಬಸಿಯಿಂದ ಚಹಾ ಹೀರಿದ ಸದ್ದು.

ಸಂಜೆ ಆ ಸಾಲನ್ನು ಹೊಸ ಚೌಕಟ್ಟಿನೊಳಗೆ ಕೂಡಿಸಿದೆ.
ಇನ್ನು ಅದು ಎಲ್ಲ ಯಂತ್ರದಲ್ಲೂ ಓಡುತ್ತದೆ,
ಮಾಲೀಕರ ಮಗ ಬರಿಬೆರಳಲ್ಲಿ ತೀಡುವ ಫೋನಿನಲ್ಲೂ.
ಗುಂಡಿ ಯಾಕೋ ಸ್ವಲ್ಪ ನಿಧಾನ ಎಂದು
ಅವನ ದೂರು ಬಂದಿದೆ.
ಉತ್ತರ ಇನ್ನೂ ಬರೆದಿಲ್ಲ.